ಅಂಜನ ನೋಡಿದ ಕೂಸು

ಹಾವಗೆಪ್ಪನನ್ನು ರಜಾಕಾರರಿಗೆ ತೋರಿಸಿಕೊಟ್ಟವರು ಯಾರೆಂದು, ಮಾಡಿದವನನ್ನು ಬಿಟ್ಟರೆ, ನಮ್ಮೂರಲ್ಲಿ ಒಂದೇ ಒಂದು ಜೀವಕ್ಕೆ ಗೊತ್ತಿತ್ತು. ಆ ಜೀವಕ್ಕೆ ಇನ್ನೂ ಹಾಲುಹಲ್ಲು ಬೀಳುತ್ತಿದ್ದವು, ಅದಕ್ಕೇ ಯಾರೂ ಕೇಳಲಿಲ್ಲ. ಕಡೆಗೊಮ್ಮೆ ಕೇಳಿದರು. ಆ ಕೇಳಿದ ಪರಿ ನೆನೆದರೆ ಈ ವಯಸ್ಸಿನಲ್ಲೂ ನನಗೆ ಮೈಯೆಲ್ಲ ಉರಿಯುತ್ತದೆ.

ನಾನಾಗ ಔರಾದ ಕಡೆಯ ಆ ಹಳ್ಳಿಗೆ ಹೊಸದಾಗಿ ಬಂದ ಸೊಸೆ. ನಮ್ಮ ಮನೆಗೂ ಹಾವಗೆಪ್ಪನ ಮನೆಗೂ ನಡುವೆ ಒಂದೇ ಗೋಡೆ. ಹಾವಗೆಪ್ಪ ಗಡಿಯಾಚೆ ಶಿಬಿರ ಹಾಕಿಕೊಂಡು ನಿಜಾಮನ ವಿರುದ್ಧ ನಿಂತವರಿಗೆ ಕದ್ದು ರೊಟ್ಟಿ ಮುಟ್ಟಿಸುತ್ತಿದ್ದ. ಆ ಬೇಸಿಗೆಯಲ್ಲಿ ನಿಜಾಮನ ಕಡೆಯ ರಜಾಕಾರರು ಬರುತ್ತಿದ್ದಾರೆಂಬ ಕೂಗು ಬಿದ್ದಾಗ ಊರೆಲ್ಲ ಹಳ್ಳ ದಾಟಿ ಓಡಿತು. ಓಡಿದರೆ ಗುರುತು ಹಿಡಿಯುತ್ತಾರೆಂದು ಹಾವಗೆಪ್ಪ ಹಿತ್ತಲ ಹಗೇವಿಗೆ, ಅಂದರೆ ಜೋಳ ತುಂಬಿಡುವ ನೆಲದ ಕುಣಿಗೆ ಇಳಿದ. ಅವನ ಹೆಂಡತಿ ವಿಮಲಾಬಾಯಿ ಮೇಲೆ ಬಂಡೆ ಎಳೆದು, ಎಮ್ಮೆ ಬಿಚ್ಚಿಕೊಂಡು, ತಾಮ್ರದ ಕೊಡ ಹೊತ್ತುಕೊಂಡು ನಮ್ಮ ಜೊತೆ ಓಡಿಬಂದಳು. ಅಡಿಗೆಮನೆಯಲ್ಲಿ ಮಲಗಿದ್ದ ಮಗಳು ಅನುಸೂಯಾ ಹಳ್ಳದ ಆಚೆ ಹೋದ ಮೇಲೆ ನೆನಪಾದಳು. ಎಮ್ಮೆ ನೆನಪಿತ್ತು ನೋಡಿ, ಮಗಳು ನೆನಪಿರಲಿಲ್ಲ!

ಹೊತ್ತು ಮುಳುಗುವ ಮೊದಲು ಮರಳಿ ಬಂದೆವು. ಹಾವಗೆಪ್ಪನ ಹೆಣ ಹಳ್ಳದ ದಂಡೆಯಲ್ಲಿ ಬಿದ್ದಿತ್ತು. ಅನುಸೂಯಾ ಹಿತ್ತಲ ಕುಳ್ಳಿನ ಬಣವೆಯ ಹಿಂದೆ ಸಿಕ್ಕಳು. ಎದೆ ಬಡಿದುಕೊಂಡು ಅಳುತ್ತಿದ್ದ ಅವ್ವನ ಸೆರಗು ಜಗ್ಗಿ, "ಪಾಟೀಲಕಾಕಾ ಬಡಿಗಿಲೆ ಹಗೇವಿನ ಕಲ್ಲ ತೋರ್ಸಿದ" ಎಂದಳು.

"ಸುಮ್ಕಿರು. ದೊಡ್ಡವರ ಮಾತಿನಾಗ ಬಾಯಿ ಹಾಕಬ್ಯಾಡ" ಎಂದು ವಿಮಲಾಬಾಯಿ ಅವಳ ಬಾಯಿ ಮುಚ್ಚಿದಳು. ಮಾರನೆಯ ದಿನವೂ ಕೂಸು ಅದನ್ನೇ ಅಂದಿತು. ಮಕ್ಕಳು ಏನೇನೋ ಬಡಬಡಿಸುತ್ತವೆ ಎಂದು ನೆರೆದ ಹೆಂಗಸರು ಕಿವಿಗೆ ಹಾಕಿಕೊಳ್ಳಲಿಲ್ಲ. ಪಾಟೀಲನೆಂದರೆ ಊರ ಕಂದಾಯ ಎತ್ತುವ ಮಾಲಿಪಾಟೀಲ ಬಸವಣ್ಣೆಪ್ಪ. ಗಂಡ ಸತ್ತ ಮೇಲೆ ವಿಮಲಾಬಾಯಿಯ ಒಲೆ ಉರಿಯುತ್ತಿದ್ದುದೇ ಅವನು ಕಳಿಸುವ ಜೋಳದಿಂದ.

ಭಾದ್ರಪದದಲ್ಲಿ ಹಿಂದುಸ್ತಾನದ ಫೌಜು ಬಂತು. ಪೊಲೀಸ್ ಆ್ಯಕ್ಷನ್ ಅಂದರು. ರಜಾಕಾರರು ಓಡಿಹೋದರು. ಅಲ್ಲಿಯವರೆಗೆ ಕೋಣೆಯಲ್ಲಿ ಮುದುಡಿ ಕೂತಿದ್ದ ಗಂಡಸರೆಲ್ಲ ಬಡಿಗೆ ಹಿಡಿದು ಚಾವಡಿಗೆ ಬಂದು ಮೀಸೆ ತಿರುವಿದರು. ತೋರಿಸಿಕೊಟ್ಟವನನ್ನು ಹುಡುಕಬೇಕು, ಅವನನ್ನು ಬಿಡಬಾರದು ಎಂಬ ಮಾತು ಎದ್ದಿತು. ಬಸವಣ್ಣೆಪ್ಪನೇ ದಾರಿ ಹೇಳಿದ. "ಅಂಜನ ಹಾಕಸೋಣ. ಹಾವಗೆಪ್ಪನ ಮಗಳs ನೋಡ್ಲಿ. ಆ ಕೂಸಿನ ಬಾಯಿಲೆ ಬಂದ್ರ ಯಾರೂ ಇಲ್ಲ ಅನ್ನಂಗಿಲ್ಲ."

ಕಳುವಾದರೆ ನಮ್ಮ ಕಡೆ ಹಾಗೇ ಮಾಡುತ್ತಿದ್ದರು. ವೀಳ್ಯದೆಲೆಗೆ ದೀಪದ ಕಾಡಿಗೆ ಹಚ್ಚಿ, ಮಿಂದ ಮಗುವಿನ ಕೈಗೆ ಕೊಟ್ಟರೆ ಅದರ ಕಣ್ಣಿಗೆ ಕಳ್ಳ ಕಾಣುತ್ತಾನೆಂದು ನಂಬಿಕೆ. ಕಣ್ಣಾರೆ ಕಂಡ ಕೂಸನ್ನು ಒಂದು ಮಾತು ಕೇಳದವರು ಕಮಲನಗರದಿಂದ ಅಂಜನದ ಸಂಗಯ್ಯನನ್ನು ಕರೆಸಿದರು. ಅಂಜನ ಬಂಡಿ ಹತ್ತಿ ಬಂತು, ಕಂಡ ಕಣ್ಣು ಮನೆಯಲ್ಲೇ ಇತ್ತು!

ಬೆಳಿಗ್ಗೆ ಅನುಸೂಯಾಳಿಗೆ ತಣ್ಣೀರು ಹಾಕಿ, ಹಣೆತುಂಬ ವಿಭೂತಿ ಬಳಿದು ಪಾಟೀಲನ ಅಂಗಳದ ಕಂಬಳಿಯ ಮೇಲೆ ಕೂರಿಸಿದರು. ಊರಿಗೆ ಊರೇ ಸುತ್ತ ನಿಂತಿತ್ತು. ಸಂಗಯ್ಯ ಎಲೆ ಕೊಟ್ಟು ಕೇಳಿದ, "ಹಗೇವು ಕಾಣಸ್ತದೇನವ್ವಾ? ಅಲ್ಲಿ ಯಾರ ನಿಂತಾರ ಹೇಳ."

ಕಡೆಗೂ ಕೇಳಿದರಲ್ಲ ಎಂದು ಅವಳ ಮುಖ ಅರಳಿತು. ಅದನ್ನು ನಾನು ನೋಡಿದೆ. "ಪಾಟೀಲಕಾಕಾ ನಿಂತಾನ. ಬಡಿಗಿಲೆ ಕಲ್ಲ ತೋರ್ಸ್ಲತ್ತಾನ" ಎಂದಳು.

ಎಲ್ಲರ ಕಣ್ಣೂ ಪಾಟೀಲನ ಕಡೆ ಹೊರಳಿದವು. ಬಸವಣ್ಣೆಪ್ಪ ನಕ್ಕ. "ನಾ ಎದುರಿಗೇ ಕುಂತೀನಲ್ಲ, ನನ್ನ ನೆರಳ ಎಲಿಮ್ಯಾಲ ಬಿದ್ದಿರಬೇಕು. ಕೂಸಿಗೇನ್ ತಿಳೀತದ!" ಎಲ್ಲರೂ ಉಸಿರು ಬಿಟ್ಟು ನಕ್ಕರು. ವಿಮಲಾಬಾಯಿ ಮಾತ್ರ ನಗಲಿಲ್ಲ. ಎದ್ದುಬಂದು ಮಗಳ ಕೆನ್ನೆಗೆ ಬಾರಿಸಿದಳು. "ಹೊಟ್ಟಿಗಿ ಹಾಕವರ ಹೆಸರ ಹೇಳ್ತಿ ಏನ, ಪೋರಿ?"

ಎಲೆ ಬದಲಿಸಿದರು. ಪಾಟೀಲ ಕೂಸಿನ ಬೆನ್ನ ಹಿಂದೆ ಹೋಗಿ ಕೂತ. ಕೂಸು ಬಿಕ್ಕುತ್ತ ಅದನ್ನೇ ಹೇಳಿತು.

"ಇದಕ್ಕ ಗಾಳಿ ಬಡದದ. ಸುಳ್ಳ ನುಡಸ್ಲತ್ತದ" ಎಂದ ಸಂಗಯ್ಯ. ಕೆಂಡ ತಂದರು, ಒಣಮೆಣಸಿನಕಾಯಿ ಸುರಿದರು. ಕೂಸಿನ ತಲೆಯ ಮೇಲೆ ಕಂಬಳಿ ಹೊದಿಸಿ ಹೊಗೆಗೆ ಬಗ್ಗಿಸಿ ಹಿಡಿದರು. ಕುತ್ತಿಗೆ ಹಿಡಿದದ್ದು ಹೆತ್ತ ತಾಯಿ. ಒಳಗಿನಿಂದ ಬಂದ ಸದ್ದು ಕೆಮ್ಮೂ ಅಲ್ಲ, ಅಳುವೂ ಅಲ್ಲ. "ಬಿಡ್ರೆವ್ವಾ, ಕೂಸ ಸಾಯ್ತದ!" ಎಂದು ನಾನು ಕೂಗಿದೆ. ನಮ್ಮತ್ತೆ ನನ್ನ ತೋಳು ಚಿವುಟಿ, "ಇನ್ನಾ ಹಡದಾಕಿ ಅಲ್ಲ, ನಿನಗೇನ್ ಗೊತ್ತು?" ಎಂದಳು. ಹೆತ್ತವರಿಗೆ ಗೊತ್ತಿದ್ದದ್ದು ಅದೇ ನೋಡಿ, ಕುತ್ತಿಗೆ ಹಿಡಿಯುವುದು.

ಕಂಬಳಿ ತೆಗೆದಾಗ ಅವಳ ಕಣ್ಣು ಬಾತು ಮುಚ್ಚಿಹೋಗಿದ್ದವು. ಆ ಕಣ್ಣಿಗೆ ಮೂರನೆಯ ಎಲೆ ಹಿಡಿದರು. ಈಗ ಕೇಳಿದವನು ಬಸವಣ್ಣೆಪ್ಪ. ದನಿ ಬೆಲ್ಲದಂತಿತ್ತು.

"ತಲಿಮ್ಯಾಲ ಟೋಪಿ ಅದ ಏನವ್ವಾ?"

"ಹೂಂ."

"ಗಡ್ಡ?"

"ಹೂಂ."

"ಹೆಗಲಮ್ಯಾಲ ಬಳಿ ಅವ ಏನು?"

"ಹೂಂ."

ಅಂಗಳ ಹೋ ಎಂದಿತು. ಹೆಗಲ ಮೇಲೆ ಬಳೆ ಹೊತ್ತು ತಿರುಗುವವನು ಊರಲ್ಲಿ ಒಬ್ಬನೇ, ಮಣಿಯಾರ ಅಬ್ದುಲ ಮಜೀದ. ತಪ್ಪು ಮಾಡಿಲ್ಲ, ಯಾಕೆ ಓಡಲಿ ಎಂದು ಫೌಜು ಬಂದ ಮೇಲೂ ಊರಲ್ಲೇ ಉಳಿದಿದ್ದ. ಗಂಡಸರು ಅವನ ಮನೆಗೆ ನುಗ್ಗಿ, ಬಳೆಗಳನ್ನು ತುಳಿದು ಪುಡಿಮಾಡಿ, ಅವನನ್ನು ಹಳ್ಳದ ಕಡೆಗೆ ಎಳೆದೊಯ್ದರು. ಬಡಿಗೆಯ ಪೆಟ್ಟು ನಮ್ಮ ಹಿತ್ತಲಿಗೂ ಕೇಳಿಸಿತು. ಆಮೇಲೆ ನಿಂತಿತು.

ಹಳ್ಳದಿಂದ ಕೈ ತೊಳೆದುಕೊಂಡು ಬಂದವರೇ ಅನುಸೂಯಾಳ ಕಾಲಿಗೆ ಬಿದ್ದರು. ದೇವರು ಕೂಸಿನ ಬಾಯಿಂದ ನುಡಿದನಂತೆ! ಬಾಯಿಗೆ ಬೆಲ್ಲ ತುರುಕಿದರು. ಹೊಗೆಗೆ ಸುಟ್ಟ ಗಂಟಲಲ್ಲಿ ಅದು ಇಳಿಯದೆ ವಾಂತಿಯಾಯಿತು.

ಹಿಂಗಾರಿ ಬಿತ್ತನೆ ಬಂತು. ಬಸವಣ್ಣೆಪ್ಪನ ನೇಗಿಲು ಹಾವಗೆಪ್ಪನ ಬಾವಿ ಹೊಲಕ್ಕೆ ಇಳಿಯಿತು. ಹಾವಗೆಪ್ಪ ಬದುಕಿದ್ದಾಗ ಪಾಟೀಲ ಎಷ್ಟು ಕೇಳಿದರೂ ಕೊಟ್ಟಿರದ ಹೊಲ ಅದು. ಕೇಳಲು ಹೋದ ವಿಮಲಾಬಾಯಿಗೆ, "ನಿನ್ನ ಗಂಡ ಬಾಯಿಮಾತಿಲೆ ನನಗs ಕೊಟ್ಟಾನ" ಎಂದ. ಅದೇ ವಾರ ಮಜೀದನ ಹೆಂಡತಿ ಅಜೀಜಾ ಬೇಗಂ ಬೀದರಿನ ತಮ್ಮನ ಮನೆಗೆ ಹೊರಟಳು. ಬಂಡಿ ಹತ್ತುವ ಮೊದಲು ವಿಮಲಾಬಾಯಿಯ ಬಾಗಿಲಲ್ಲಿ ನಿಂತಳು.

"ರಜಾಕಾರ ಬಂದ ದಿನಾ ನಮ್ಮವರು ಭಾಲ್ಕಿ ಸಂತ್ಯಾಗ ಇದ್ರು. ನಿನ್ನ ಮಗಳಿಗಿ ಹಸರ ಬಳಿ ತಾ ಅಂತ ಕಳಿಸ್ದಾಕಿ ನೀನೇ ವಿಮಲಕ್ಕಾ. ಮರ್ತಿ ಏನು?"

ಆಗ ವಿಮಲಾಬಾಯಿಗೆ ಕೂಸಿನ ಮೊದಲ ಮಾತು ನೆನಪಾಯಿತು.

ಮರುದಿನವೇ ಮಗಳನ್ನು ಎತ್ತಿಕೊಂಡು ಔರಾದಕ್ಕೆ ಹೊರಟಳು. ನನ್ನನ್ನೂ ಜೊತೆಗೆ ಕರೆದಳು. ಅಲ್ಲಿ ಧಾರವಾಡ ಕಡೆಯ ಹೊಸ ಸಾಹೇಬರೊಬ್ಬರು ಜನರ ಅಹವಾಲು ಕೇಳುತ್ತಿದ್ದರು. ದಾರಿಯುದ್ದಕ್ಕೂ ವಿಮಲಾಬಾಯಿ, "ಇವತ್ತ ಖರೇ ಹೇಳ ನನ್ನವ್ವಾ, ನಿಮ್ಮಪ್ಪಗ ನ್ಯಾಯ ಸಿಗ್ತದ" ಎನ್ನುತ್ತಲೇ ಇದ್ದಳು. ಕೂಸು ಹೂಂ ಎನ್ನುತ್ತಿತ್ತು.

ಸಾಹೇಬರು ಒಳ್ಳೆಯವರು. ಬಸವಣ್ಣೆಪ್ಪನನ್ನೂ ಕರೆಸಿ ಬೆಂಚಿನ ಮೇಲೆ ಕೂರಿಸಿದರು. ಕೂಸನ್ನು ಹತ್ತಿರ ಕರೆದು ತಲೆ ಸವರಿ, "ಅಂಜಬ್ಯಾಡ ತಂಗಿ. ನಿಮ್ಮಪ್ಪ ಅಡಗಿದ್ದ ಜಾಗಾ ತೋರಿಸಿದವರು ಯಾರು?" ಎಂದರು.

ಅನುಸೂಯಾ ಸಾಹೇಬರ ಮುಖ ನೋಡಿದಳು. ಪಾಟೀಲನ ಮುಖ ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿ, ಊಟಕ್ಕೆ ಏನು ಬಡಿಸಲಿ ಎಂದು ಕೇಳುವಷ್ಟು ಸಲೀಸಾಗಿ ಕೇಳಿದಳು, "ಯಾರ ಹೆಸರ ಹೇಳಲ್ಯವ್ವಾ?"

ಸಾಹೇಬರು ಕೈ ಹಿಂದೆಗೆದರು. "ಹಿಂಗ ಕಲಿಸ್ಕೊಂಡ ಬರ್ತಾರ್ರಿ ಸಾಹೇಬ್ರ. ಕೂಸಿನ ಪಾಪ ಆದ್ರೂ ನೋಡಬೇಕಲ್ರಿ" ಎಂದ ಬಸವಣ್ಣೆಪ್ಪ ಮರುಗಿದವನಂತೆ. ಜವಾನ ನಮ್ಮನ್ನು ಹೊರಗೆ ಕಳಿಸಿದ.

ಬೇವಿನ ಮರದ ಕೆಳಗೆ ವಿಮಲಾಬಾಯಿ ಮಗಳ ರಟ್ಟೆ ಹಿಡಿದು ಅಲುಗಾಡಿಸಿದಳು. "ಯಾಕ ಹಂಗ ಅಂದಿ? ಬಾಯಿ ಬಿದ್ದಿತ್ತೇನು ನಿನ್ನದು?" ಎಂದು ಕೈ ಎತ್ತಿದಳು. ನಾನು ಅಡ್ಡ ಬರುವಷ್ಟರಲ್ಲಿ ಕೂಸು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಒಂದೇ ಉಸಿರಿಗೆ ಶುರುಮಾಡಿತು.

"ಮಜೀದಕಾಕಾ ಅವ್ವಾ... ಅಲ್ಲೇನು? ಪಾಟೀಲಕಾಕಾ... ಸಂಗಯ್ಯ ಅಜ್ಜ..." ಗೊತ್ತಿದ್ದ ಹೆಸರೆಲ್ಲ ಮುಗಿದವು. ಎತ್ತಿದ ಕೈ ಇನ್ನೂ ಇಳಿದಿರಲಿಲ್ಲ. "ನಾನs ಅವ್ವಾ. ನಾನs ತೋರ್ಸೀನಿ. ಹೊಡಿಬ್ಯಾಡ."