ಕೇಳಿಸದ ಕಿವಿ

ಮೇಜಿನ ಒಂದು ತುದಿಯನ್ನು ಚಿಕ್ಕಪ್ಪ, ಇನ್ನೊಂದನ್ನು ಮಗಳು ಹಿಡಿದು ಗೋಡೆಗೆ ಒತ್ತರಿಸಿದರು. ತೀರಿಕೊಂಡ ಅಪ್ಪನನ್ನು ಮಲಗಿಸಲು ಬೇರೆ ಜಾಗವಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವರ ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ.

"ಈ ಡಬ್ಬ ಎಲ್ಲಿಡ್ಲಿ?"

ಎರಡು ದೊಡ್ಡ ಚಕ್ರಗಳ ಹಳೆಯ ಟೇಪ್ ರೆಕಾರ್ಡರ್ ಅದು.

"ಅಲ್ಲೇ ಇರ್ಲಿ ಚಿಕ್ಕಪ್ಪ. ಮುಟ್ಬೇಡಿ."

ರೇಡಿಯೊ ನಿಲಯದ ನಿವೃತ್ತ ಎಂಜಿನಿಯರ್ ಬಂದು ಗೋಡೆಗೊರಗಿ ನಿಂತರು. "ಇವರದ್ದು ಏನು ಕಿವಿ ಅಂತೀರಿ! ಮೋಟಾರು ಕೂದಲೆಳೆಯಷ್ಟು ನಿಧಾನ ಆದ್ರೂ ನಮ್ಮ ಮೀಟರಿಗಿಂತ ಮೊದಲೇ ಹಿಡಿದುಬಿಡೋರು."

"ನನ್ನ ಹೊಲಿಗೆ ಮೆಷಿನ್ ಸದ್ದು ಕೇಳಿ, ಎಣ್ಣೆ ಬಿಡಯ್ಯಾ ಜಿಪುಣ ಅಂತ ರಸ್ತೆಯಾಚೆಯಿಂದ ಕೂಗೋರು," ಎಂದ ಎದುರುಮನೆಯ ದರ್ಜಿ.

ಮಗಳು ನೆಲ ನೋಡುತ್ತ ಕುಳಿತಳು.

*

ಆರು ವರ್ಷದಿಂದ ಆ ಕಿವಿಗೆ ಏನೂ ಕೇಳುತ್ತಿರಲಿಲ್ಲ. ಗೊತ್ತಿದ್ದದ್ದು ಮಗಳೊಬ್ಬಳಿಗೇ. ಅಪ್ಪ ಗಿರಾಕಿಗಳ ತುಟಿ ನೋಡಿ ತಲೆಯಾಡಿಸುತ್ತಿದ್ದರು. ಅರ್ಥವಾಗದಿದ್ದರೆ "ಮುಂದಿನ ವಾರ ಬನ್ನಿ" ಎನ್ನುತ್ತಿದ್ದರು. ಅಂಟಾಗಿ ಕರಗಿದ ಬೆಲ್ಟು ಕೆರೆದು ತೆಗೆಯುವುದು, ಗಟ್ಟಿಯಾದ ರಬ್ಬರ್ ರೋಲರನ್ನು ಸ್ಪಿರಿಟ್ಟಿನಲ್ಲಿ ಒರೆಸುವುದು, ಒಣಗಿದ ಮೋಟಾರಿಗೆ ಒಂದೇ ತೊಟ್ಟು ಎಣ್ಣೆ, ಇವೆಲ್ಲ ಬೆರಳಿಗೇ ತಿಳಿದಿದ್ದವು. ಕೊನೆಗೆ ಮಾತ್ರ ಮಗಳನ್ನು ಕರೆಯುತ್ತಿದ್ದರು. ಅವಳು ಕೇಳಿ, ಹೆಬ್ಬೆರಳನ್ನು ಮೇಲೆ ಇಲ್ಲವೆ ಕೆಳಗೆ ಮಾಡುತ್ತಿದ್ದಳು.

ಹಿಂದಿನ ಬೀದಿಯ ನರ್ಸಮ್ಮ ಈ ಡಬ್ಬ ತಂದಿದ್ದರು. ಹದಿನೈದಕ್ಕೇ ತೀರಿಕೊಂಡ ಮಗನ ದನಿಯಿದ್ದ ಒಂದೇ ಟೇಪು. ತನ್ನಪ್ಪ ಊಟ ಮಾಡುವುದನ್ನು ಹುಡುಗ ಪಂದ್ಯದ ಕಾಮೆಂಟರಿಯ ಹಾಗೆ ವರ್ಣಿಸಿದ್ದ. ಟೇಪು ನಿಧಾನವಾಗಿ ಓಡಿ, ಹುಡುಗನ ದನಿ ದಪ್ಪಗಾಗಿ ಎಳೆಯುತ್ತಿತ್ತು. ಅಪ್ಪ ನಾಲ್ಕು ಸಲ ಬಿಚ್ಚಿ ಜೋಡಿಸಿದರು. ನಾಲ್ಕನೆಯ ಸಲ ಅವರ ಅಂಗಿ ಬೆವರಲ್ಲಿ ತೊಯ್ದಿತ್ತು. ದನಿ ಇನ್ನೂ ಎಳೆಯುತ್ತಲೇ ಇತ್ತು. ಅವಳಿಗೂ ಸಾಕಾಗಿತ್ತು. ಹೆಬ್ಬೆರಳು ಮೇಲೆತ್ತಿದಳು.

ಎರಡೇ ದಿನಕ್ಕೆ ನರ್ಸಮ್ಮ ವಾಪಸ್ಸು ತಂದರು. "ಇದು ನನ್ನ ಮಗನ ದನಿ ಅಲ್ಲಪ್ಪಾ."

ಆ ತುಟಿಗಳನ್ನು ಅಪ್ಪ ಸರಿಯಾಗಿಯೇ ಓದಿದರು. ಮಗಳತ್ತ ನೋಡಿದರು. ಬೈಯಲಿಲ್ಲ. ಮತ್ತೆ ಆ ಮೇಜಿನ ಮುಂದೆ ಕೂರಲೂ ಇಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ, ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟರು.

*

ವ್ಯಾನು ಬರಲು ಇನ್ನೂ ಅರ್ಧ ಗಂಟೆಯಿತ್ತು. ಗಂಡಸರು ಹೊರಗೆ ನೆರಳಿಗೆ ಹೋದಾಗ ನರ್ಸಮ್ಮ ಮೆಲ್ಲಗೆ ಪಕ್ಕದಲ್ಲಿ ಕುಳಿತರು.

"ಇಂಥ ಹೊತ್ತಲ್ಲಿ ಕೇಳಬಾರದಮ್ಮಾ. ಇದನ್ನ ರಿಪೇರಿ ಮಾಡೋರು ಬೇರೆ ಯಾರಾದ್ರೂ…"

"ಯಾರೂ ಇಲ್ಲಮ್ಮ." ಅವಳು ಅಪ್ಪನ ಹೊದಿಕೆ ಸರಿಪಡಿಸಿದಳು. "ಅಪ್ಪಂಗೆ ಕಿವಿ ಕೇಳ್ತಿರ್ಲಿಲ್ಲ. ಸರಿಯಾಗಿದೆ ಅಂತ ಸುಳ್ಳು ಹೇಳ್ದೋಳು ನಾನು."

ನರ್ಸಮ್ಮ ಸೆರಗಿನಿಂದ ಡಬ್ಬದ ಮೇಲಿನ ಧೂಳು ಒರೆಸಿದರು. ಆಮೇಲೆ, "ಹೇಗಿದೆಯೋ ಹಾಗೇ ಒಂದ್ಸಲ ಹಾಕು," ಎಂದರು.

ಮಲಗಿದ್ದ ಅಪ್ಪನ ಪಕ್ಕದಲ್ಲೇ ಚಕ್ರಗಳು ತಿರುಗಿದವು. "ಅಪ್ಪ… ಈಗ… ಎರಡನೇ… ತುತ್ತು…" ಭಾರವಾದ, ದಣಿದ ಗಂಡಸಿನ ದನಿ.

"ಬದುಕಿದ್ದಿದ್ರೆ ನಲವತ್ತಾಗಿರೋದು," ಎಂದರು ನರ್ಸಮ್ಮ. "ದನಿ ಹೀಗೇ ಆಗಿರೋದೇನೋ. ಇನ್ನೊಂದ್ಸಲ ಹಾಕಮ್ಮಾ."

ಟೇಪು ಹಿಂದಕ್ಕೆ ಸುತ್ತಲು ಅವಳು ಬಗ್ಗಿದಳು. ದನಿ ಓದುವ ಲೋಹದ ತುಂಡಿನ ಕೆಳಗೆ ಕಂದು ಪುಡಿ ಬಿದ್ದಿತ್ತು. ಮುಪ್ಪಾದ ಟೇಪಿನ ಮೈಯಿಂದ ಉದುರಿದ ಪುಡಿ. ಹುಡುಗನ ದನಿ ಇದ್ದದ್ದೇ ಆ ಪುಡಿಯಲ್ಲಿ. ನರ್ಸಮ್ಮ ಕಣ್ಣು ಮುಚ್ಚಿ ಕಾಯುತ್ತಿದ್ದರು. ಅವಳು ಗುಂಡಿ ಒತ್ತಿದಳು. ದನಿ ಎದ್ದಿತು, ಪುಡಿ ಮತ್ತೆ ಉದುರತೊಡಗಿತು.