ಕಾರಿಡಾರಿನಲ್ಲಿ ಯಾರೂ ಇರಲಿಲ್ಲ

ಒಂದೇ ಮನೆಗೆ ಸೊಸೆಯರಾಗಿ ಬಂದ ಇಬ್ಬರು ಒಂದೇ ಪ್ರಯೋಗಾಲಯದಲ್ಲಿ ಕೆಲಸ ಮಾಡಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಬರೆದಿದ್ದರೆ ಚೆನ್ನಾಗಿತ್ತು ಎಂದು ಹಿರಿಯ ಸೊಸೆಗೆ ಎರಡು ವರ್ಷದಿಂದ ಅನ್ನಿಸುತ್ತಿತ್ತು.

ಅವಳು ಅಲ್ಲಿಗೆ ಸೇರಿ ಹನ್ನೊಂದು ವರ್ಷ. ಫೋನಿನ ಸಿಗ್ನಲ್ಲು ಗೋಡೆ ಕಂಬಗಳ ನಡುವೆ ದಾರಿ ತಪ್ಪದೆ ನಡೆಯುವಂತೆ ಮಾಡುವುದು ಅವಳ ಕೆಲಸ. ಮುಂದಿನ ಕಾಲದ ಫೋನುಗಳಿಗೆಂದು ಅವರು ಪರೀಕ್ಷಿಸುತ್ತಿದ್ದ ಅಲೆಗಳು ಬಲು ನಾಜೂಕು. ಹೊತ್ತೊಯ್ಯುವ ಮಾಹಿತಿಗೆ ಎಣೆಯಿಲ್ಲ, ಗುಂಡಿಗೆ ಮಾತ್ರ ಗುಬ್ಬಿಯದು. ಅಡ್ಡಲಾಗಿ ಒಬ್ಬ ಮನುಷ್ಯ ನಿಂತರೆ ಅಲ್ಲಿಗೇ ಮುಗಿಯಿತು. "ನಮ್ಮ ಮೈ ಅಂದ್ರೇನು, ನೀರಿನ ಚೀಲ. ಈ ಅಲೆನ ಗಟಗಟ ಕುಡಿದ್ಬಿಡುತ್ತೆ" ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವಳು ಅವಳೇ. ಕಿರಿಯವಳಿಗೆ ಹೇಳಿಕೊಟ್ಟವಳೂ ಅವಳೇ. ಮೈದುನನ ಹೆಂಡತಿ, ಓದಿಕೊಂಡವಳು, ಮನೆಯಲ್ಲಿ ಯಾಕೆ ಕೂರಬೇಕು ಎಂದು ಮುಖ್ಯಸ್ಥರ ಹತ್ತಿರ ಹೇಳಿ ಕೆಲಸಕ್ಕೆ ಸೇರಿಸಿದವಳೂ ಅವಳೇ. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವುದು ಎಂದರೆ ಇದೇ ಇರಬೇಕು.

ಹಿರಿಯವಳದು ನಕ್ಷೆಯ ವಿಧಾನ. ಕಟ್ಟಡದ ಮೂಲೆಮೂಲೆಯನ್ನೂ ಮೊದಲೇ ಅಳೆದು, ಎಲ್ಲಿ ಯಾವ ದಿಕ್ಕಿಗೆ ಅಲೆಯನ್ನು ತಿರುಗಿಸಬೇಕು ಎಂದು ಯಂತ್ರಕ್ಕೆ ಬಾಯಿಪಾಠ ಮಾಡಿಸುವುದು. ಕಿರಿಯವಳದು ಬೇರೆ. ಗೋಡೆಗೆ ಬಡಿದು ಬರುವ ಕ್ಷೀಣ ಮರುದನಿಯೊಂದನ್ನು ಫೋನು ಸದಾ ಕಿವಿಯಲ್ಲಿ ಹಿಡಿದಿರಬೇಕು. ನೇರ ದಾರಿ ಮುಚ್ಚಿದ ಕೂಡಲೇ ಆ ಅಡ್ಡದಾರಿಗೆ ಜಾರಿಕೊಳ್ಳಬೇಕು. ಕೇಳಿದವರೆಲ್ಲ "ಇಷ್ಟು ಸರಳಾನಾ!" ಎಂದರು. ಹಿರಿಯವಳಿಗೆ ಚುಚ್ಚಿದ್ದು ಆ 'ಸರಳ'ವೇ. ತನಗೆ ಹೊಳೆಯಬೇಕಾದದ್ದು, ತನ್ನ ಮೂಗಿನ ಕೆಳಗೇ ಇದ್ದದ್ದು.

ಮನೆಯಲ್ಲಿ ಅತ್ತೆಯ ನಾಲಗೆಗೆ ಇದೊಂದು ಹಬ್ಬವಾಯಿತು. "ದೊಡ್ಡೋಳು ಹನ್ನೊಂದು ವರ್ಷದಿಂದ ಸಿಗ್ನಲ್ ಹುಡುಕ್ತಾನೇ ಇದ್ಲು. ಚಿಕ್ಕೋಳು ಬಂದ್ಲು ನೋಡು, ಸಿಕ್ಬಿಡ್ತು!"

"ಅಯ್ಯೋ ಅತ್ತೆ, ನಂಗೆ ಕಲಿಸಿದ್ದೇ ಅಕ್ಕ" ಎಂದಳು ಕಿರಿಯವಳು.

ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೊಗಳಿಕೆ ಉಪ್ಪಿನ ಕೈಯಲ್ಲಿ ಗಾಯ ಸವರಿದಂತಿತ್ತು. ಹಿರಿಯವಳು ಪಾತ್ರೆ ತೊಳೆಯುತ್ತ, ನೋಯುವ ಎಡ ಮೊಣಕಾಲಿನ ಭಾರವನ್ನು ಬಲಗಾಲಿಗೆ ಬದಲಿಸಿದಳು. ಆಮೇಲೆ ದೇವರ ಮುಂದೆ ಕೈಮುಗಿದು ನಿಂತಾಗ ಬಾಯಲ್ಲಿ ಬಂದ ಹೆಸರು ದೇವರದು, ಕಣ್ಣ ಮುಂದೆ ಬಂದ ಮುಖ ವಾರಗಿತ್ತಿಯದು.

ಅಷ್ಟರಲ್ಲಿ ಸಭೆಯ ಸುದ್ದಿ ಬಂತು. ನಾನಾ ದೇಶದ ಫೋನು ತಯಾರಕರು ಒಟ್ಟಿಗೆ ಕೂತು ಮುಂದಿನ ನಿಯಮಗಳನ್ನು ಬರೆಯುವ ಸಭೆ. ಒಂದು ಪ್ರಯೋಗಾಲಯದಿಂದ ಒಂದೇ ವಿಧಾನ. ಒಪ್ಪಿಗೆಯಾದರೆ ನಾಳೆ ಊರೂರಿನ ಕಿಸೆಗಳಲ್ಲಿ ಅದೇ ಇರುತ್ತದೆ. ಇಲ್ಲವಾದರೆ ಹನ್ನೊಂದು ವರ್ಷವೂ ಕಪಾಟಿನ ಕಡತ.

ಮುಖ್ಯಸ್ಥರು ಯಾರ ಮುಲಾಜಿಗೂ ಬೀಳುವವರಲ್ಲ. "ಶಹಬ್ಬಾಸ್" ಎನ್ನುವ ಬದಲು ಸಿಗ್ನಲ್ಲಿನ ಬಲ ಅಳೆದು "ಎರಡು ಡೆಸಿಬೆಲ್ ಜಾಸ್ತಿ" ಎನ್ನುವ ಮನುಷ್ಯ. ಹಿಂದಿನಿಂದ ಎಲ್ಲರೂ ಅವರನ್ನು ಡೆಸಿಬೆಲ್ ಎಂದೇ ಕರೆಯುತ್ತಿದ್ದರು. "ಇಬ್ಬರದ್ದೂ ಎಂಟೆಂಟು ಓಟ. ಮೂರನೇ ಮಹಡಿ ಕಾರಿಡಾರ್ ಖಾಲಿ ಇರ್ಬೇಕು. ಅಂಕಿ ಹೇಳಿದ್ದೇ ತೀರ್ಮಾನ" ಎಂದರು.

ಕಾರಿಡಾರಿನ ಒಂದು ತುದಿಯಲ್ಲಿ ಅಲೆ ಕಳಿಸುವ ಕಂಬ. ಅಲ್ಲಿಂದ ಇನ್ನೊಂದು ತುದಿಯವರೆಗೆ ನಲವತ್ತು ಮೀಟರ್ ಹಳಿ. ಹಳಿಯ ಮೇಲೆ ಫೋನು ಹೊತ್ತು ತಾನೇ ತಾನಾಗಿ ಸಾಗುವ ಪುಟ್ಟ ಗಾಡಿ. ಗಾಡಿಯ ಬೆನ್ನಿಗೊಂದು ಪರದೆ, ಸಿಗ್ನಲ್ಲಿನ ಬಲ ತೋರಿಸಲು. ಅದನ್ನು ಮಾಡಿಕೊಟ್ಟ ಹಳೆಯ ಮೆಕ್ಯಾನಿಕ್ಕಿಗೆ ಗಾಡಿಯಣ್ಣ ಎಂದೇ ಹೆಸರು. ಕೆಂಪು ದೀಪ ಹತ್ತಿತೆಂದರೆ ಎಲ್ಲ ಬಾಗಿಲೂ ಮುಚ್ಚಬೇಕು, ನರಪಿಳ್ಳೆಯೂ ಹೊರಗೆ ಬರಬಾರದು.

ಸೋಮವಾರ ಹಿರಿಯವಳ ಎಂಟು ಓಟ. ಕಂಪ್ಯೂಟರಿನಲ್ಲಿ ಸಿಗ್ನಲ್ಲಿನ ಗೆರೆ ನೀರು ನಿಂತ ಹಾಗೆ ನೇರ ಬಂತು. ಮಂಗಳವಾರ ಕಿರಿಯವಳ ಸರದಿ. ಅವಳು ತುದಿಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಳು. ಹಿರಿಯವಳು "ಕೇಬಲ್ ಬೇಕಿತ್ತು" ಎಂದು ಕಾರಿಡಾರಿನ ನಡುವಿನ ಸ್ಟೋರ್ ರೂಮು ಸೇರಿದಳು. ಕೇಬಲ್ಲು ಕೈಗೆ ಸಿಕ್ಕಿತು. ಕಾಲು ಕದಲಲಿಲ್ಲ.

ಎರಡನೆಯ ಓಟ. ಗಾಡಿ ಕಿರ್ರೆನ್ನುತ್ತ ಬಾಗಿಲ ಮುಂದೆ ದಾಟಿತು. ಒಂದೇ ಒಂದು ಸಲ, ಅಂಕಿ ಎಷ್ಟು ಅಂತ ನೋಡಿಬಿಡುತ್ತೇನೆ ಎಂದು ಅವಳು ಬಾಗಿಲು ಸರಿಸಿ ಹೊರಗೆ ಬಂದು, ಗಾಡಿಯ ಹಿಂದೆ ನಿಂತು, ಕುತ್ತಿಗೆ ಚಾಚಿದಳು. ಪರದೆಯ ಅಂಕಿ ದಢಕ್ಕನೆ ಕುಸಿಯಿತು. ಅವಳ ಎದೆ ಅಷ್ಟೇ ದಢಕ್ಕನೆ ಏರಿತು. ಬಿತ್ತು! ಬಿದ್ದೇಬಿಟ್ಟಿತು! ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮತ್ತೆ ಎದ್ದುಕೊಂಡದ್ದನ್ನು ಕಣ್ಣು ಕಂಡಿತು, ಮನಸ್ಸು ಒಪ್ಪಲಿಲ್ಲ. ಇನ್ನೊಂದು ಸಲ ಬೀಳುತ್ತದೇನೋ ಎಂದು ಐದನೆಯ ಓಟಕ್ಕೂ ಬಂದು ನಿಂತಳು. ಏಳನೆಯದಕ್ಕೂ. ಹೊಸಬರಿಗೆಲ್ಲ ನೀರಿನ ಚೀಲದ ಪಾಠ ಹೇಳಿದವಳಿಗೆ, ಕಂಬಕ್ಕೂ ಗಾಡಿಗೂ ನಡುವೆ ನಿಂತ ಚೀಲ ತಾನೇ ಎಂಬುದು ಹೊಳೆಯಲೇ ಇಲ್ಲ. ಹೊಟ್ಟೆಕಿಚ್ಚಿನ ಹೊಗೆ ಅಷ್ಟು ದಟ್ಟ.

ಬುಧವಾರ ಬೆಳಿಗ್ಗೆ ಮುಖ್ಯಸ್ಥರ ಕೋಣೆಯಲ್ಲಿ ಎಲ್ಲರೂ ಸೇರಿದರು. ಕುರ್ಚಿ ಸಾಲದೆ ಹಿರಿಯವಳು ಕಿಟಕಿಗೊರಗಿ ನಿಂತಳು. ಗೋಡೆಯ ಪರದೆಯ ಮೇಲೆ ಕಿರಿಯವಳ ಎಂಟು ಗೆರೆಗಳು.

"ಐದು ಓಟ ಸರಿಯಾಗಿವೆ" ಎಂದರು ಮುಖ್ಯಸ್ಥರು. "ಆ ಐದರಲ್ಲಿ ನಿಮ್ಮಕ್ಕಂದೇ ಅರ್ಧ ಡೆಸಿಬೆಲ್ ಮೇಲು. ಆದ್ರೆ ಈ ಮೂರು ನೋಡಿ. ಹದಿನೆಂಟನೇ ಮೀಟರ್ ದಾಟಿದ ಕೂಡ್ಲೆ ನೇರ ದಾರಿ ಇಪ್ಪತ್ತಾರು ಡೆಸಿಬೆಲ್ ಬಿದ್ದಿದೆ. ನಿಮ್ಮ ಯಂತ್ರ ತಕ್ಷಣ ಗೋಡೆ ದಾರಿ ಹಿಡಿದು ಬಚಾವಾಗಿದೆ. ಅದ್ಭುತ. ಆದ್ರೆ ಖಾಲಿ ಕಾರಿಡಾರಲ್ಲಿ ಅಡ್ಡ ಬಂದಿದ್ದೇನು?"

"ದೆವ್ವ ಇರ್ಬೇಕು ಸಾರ್" ಎಂದ ಗಾಡಿಯಣ್ಣ. "ನನ್ ಗಾಡಿದಂತೂ ತಪ್ಪಿಲ್ಲ."

"ದೆವ್ವದಲ್ಲಿ ನೀರಿರಲ್ಲಪ್ಪ. ಕಾರಣ ಗೊತ್ತಿಲ್ದೇ ಇರೋ ಅಳತೆ ನಾನು ಕಳ್ಸಲ್ಲ. ಕಾರಣ ಹೇಳಿ, ಇಲ್ಲ ಮೂರನ್ನೂ ತೆಗೀತೀನಿ. ತೆಗೆದ್ರೆ ಸಭೆಗೆ ನಕ್ಷೆ ವಿಧಾನ ಹೋಗುತ್ತೆ."

ಹದಿನೆಂಟನೇ ಮೀಟರ್. ಸ್ಟೋರ್ ರೂಮಿನ ಬಾಗಿಲು. ಆ ನೀರಿನ ಚೀಲ ತಾನೇ ಎಂಬುದು ಹಿರಿಯವಳಿಗೆ ಈಗ ಹೊಳೆಯಿತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಗೆದ್ದಳು. ತಾನು ಸುಳ್ಳು ಹೇಳುವುದೂ ಬೇಡ, ಸುಮ್ಮನಿರುವುದು ಅಷ್ಟೆ.

ಕಿರಿಯವಳು ಎದ್ದು ಪರದೆಯ ಹತ್ತಿರ ಹೋದಳು. ಕುಸಿದ ಗೆರೆಯ ತಳವನ್ನು ಬೆರಳಿನಿಂದ ಸವರಿದಳು. "ಇದು ವಸ್ತು ಅಲ್ಲ ಸಾರ್, ಯಾರೋ ಮನುಷ್ಯರು. ನೋಡಿ, ಒಂದೇ ಕಡೆ ನಿಂತಿಲ್ಲ, ತೂಗ್ತಾ ಇದೆ. ಎಡಕ್ಕೆ ಸ್ವಲ್ಪ ಹೊತ್ತು, ಬಲಕ್ಕೆ ಜಾಸ್ತಿ ಹೊತ್ತು. ಒಂದು ಕಾಲು ನೋ..."

ಮಾತು ಅಲ್ಲಿಗೇ ನಿಂತಿತು. ಅವಳು ತಿರುಗಿದಳು. ಕಿಟಕಿಯ ಹತ್ತಿರ ಹಿರಿಯವಳು ಎಡಗಾಲಿನ ಭಾರವನ್ನು ಬಲಗಾಲಿಗೆ ಬದಲಿಸುತ್ತಿದ್ದಳು. ಎರಡು ವರ್ಷ ಅಡುಗೆಮನೆಯಲ್ಲಿ ಪಕ್ಕದಲ್ಲೇ ನಿಂತು ಕಂಡ ತೂಗಾಟ. ಕಿರಿಯವಳ ಕಣ್ಣು ಅವಳ ಕಾಲಿಗಿಳಿದು, ಮುಖಕ್ಕೇರಿ, ಮೆಲ್ಲಗೆ ಬೇರೆ ಕಡೆ ಸರಿಯಿತು.

"ಹೇಳಮ್ಮ, ಯಾರು?"

"ಗೊತ್ತಿಲ್ಲ ಸಾರ್" ಎಂದಳು ಕಿರಿಯವಳು. "ತೆಗೆದ್ಬಿಡಿ ಮೂರನ್ನೂ. ಅಕ್ಕಂದೇ ಹೋಗ್ಲಿ."

ಗೆಲುವು ತಾನಾಗಿ ಬಂದು ಮಡಿಲಿಗೆ ಬಿತ್ತು. ಬಿದ್ದದ್ದು ಕೆಂಡ. ಹಿರಿಯವಳ ಒಡಲೆಲ್ಲ ಧಗಧಗ ಉರಿಯತೊಡಗಿತು. ಬುದ್ಧಿಯಲ್ಲಿ ಮೀರಿಸಿದಳು, ಹಲ್ಲುಕಚ್ಚಿ ತಡೆದುಕೊಂಡೆ. ಅತ್ತೆಯ ಮುಂದೆ ಮೀರಿಸಿದಳು, ಅದನ್ನೂ ತಡೆದುಕೊಂಡೆ. ಈಗ ಔದಾರ್ಯದಲ್ಲೂ ಮೀರಿಸುತ್ತಾಳಾ? ಎರಡು ವರ್ಷದ ದುಡಿಮೆಯನ್ನು ಎಲೆಯಂತೆ ಎತ್ತಿಕೊಟ್ಟು, ಇನ್ನು ಜೀವಮಾನವಿಡೀ ಪಕ್ಕದ ಒಲೆಯ ಮುಂದೆ ಏನೂ ತಿಳಿಯದವಳ ಹಾಗೆ "ಅಕ್ಕಾ, ಅಕ್ಕಾ" ಎನ್ನುತ್ತ ಇರುತ್ತಾಳಾ? ಭಗವಂತಾ, ಸೋಲನ್ನಾದರೂ ಸಹಿಸಿಯೇನು, ಈ ದಾನವನ್ನಲ್ಲ.

"ಅದು ನಾನು ಸಾರ್."

"ಏನು ನೀವು?"

"ಅಡ್ಡ ನಿಂತಿದ್ದು. ಸ್ಟೋರ್ ರೂಮಿಂದ ಬಂದಿದ್ದೆ. ಮೂರು ಸಲ."

"ಹನ್ನೊಂದು ವರ್ಷದಿಂದ ಇಲ್ಲಿರೋರು ನೀವು! ಕೆಂಪು ದೀಪ ಕಾಣ್ಲಿಲ್ವಾ?"

"ಕಾಣ್ತು."

"ಮತ್ಯಾಕೆ ಬಂದ್ರಿ?"

"ನೋಡೋಕೆ."

"ಏನ್ ನೋಡೋಕೆ?"

"ಇವಳು ಸೋಲ್ತಾಳಾ ಅಂತ."

ಗಾಡಿಯಣ್ಣ ಕೆಮ್ಮಿ, "ದೆವ್ವ ಅಂದ್ನಲ್ಲ, ಕ್ಷಮಿಸಿ ಮೇಡಂ" ಎಂದ. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೈಗುಳ ಅವರ ಬಾಯಿಗೆ ಬರುತ್ತಿರಲಿಲ್ಲ, ಲೆಕ್ಕ ಬರುತ್ತಿತ್ತು. "ಇಪ್ಪತ್ತಾರು ಡೆಸಿಬೆಲ್" ಎಂದರು. "ಕೆಲವು ಗೋಡೆನೂ ಇಷ್ಟು ತಡೆಯಲ್ಲ. ನಾಳೆ ಇಬ್ಬರದ್ದೂ ಮತ್ತೆ ಓಡ್ಸೋಣ. ಹದಿನೆಂಟನೇ ಮೀಟರಲ್ಲಿ ಒಬ್ಬರು ನಿಂತಿರ್ಲಿ. ಫೋನ್ ಹಿಡಿಯೋ ಜನ ಖಾಲಿ ಕಾರಿಡಾರಲ್ಲಿ ಬದುಕಲ್ಲ. ಇದು ನನಗೇ ಮೊದಲು ಹೊಳೀಬೇಕಿತ್ತು."

"ನಾನೇ ನಿಲ್ತೀನಿ" ಎಂದಳು ಹಿರಿಯವಳು.

ಗುರುವಾರ ಅವಳು ನಿಂತಳು. ಮೊದಲು ಅವಳದೇ ವಿಧಾನ. ಗಾಡಿ ಅವಳನ್ನು ದಾಟಿದ ಕೂಡಲೇ ಅಂಕಿ ಕುಸಿಯಿತು, ಕುಸಿದದ್ದು ಏಳಲಿಲ್ಲ. ಬಾಯಿಪಾಠ ಮಾಡಿದ ಯಂತ್ರ, ನಕ್ಷೆಯಲ್ಲಿಲ್ಲದ ಹೆಂಗಸಿನ ಬೆನ್ನಿಗೆ ಮತ್ತೆ ಮತ್ತೆ ಅಲೆಯನ್ನು ಎರಚುತ್ತಲೇ ಇತ್ತು. ಎಂಟು ಸಲವೂ ಅವಳು ಕಣ್ಣು ಮುಚ್ಚದೆ ನೋಡಿದಳು. ಮಧ್ಯಾಹ್ನ ಕಿರಿಯವಳದು. ಎಂಟು ಸಲವೂ ಬಿತ್ತು, ಎಂಟು ಸಲವೂ ಎದ್ದಿತು. ಸಂಜೆ ಮುಖ್ಯಸ್ಥರು ಸಭೆಯ ಕಾಗದದ ಮೇಲೆ ಕಿರಿಯವಳ ವಿಧಾನದ ಹೆಸರು ಬರೆದರು.

ಹಿರಿಯವಳು ಹಳಿಯ ಪಕ್ಕದ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಕಿರಿಯವಳು ಬಂದು ಎದುರಿಗೆ ಕೂತಳು.

"ಯಾಕಕ್ಕ ಹೇಳಿದ್ರಿ? ನಾನು ಬಾಯಿ ಬಿಡ್ತಿರ್ಲಿಲ್ಲ."

"ಗೊತ್ತು ಕಣೇ. ಅದಕ್ಕೇ ಹೇಳ್ದೆ."

ಕಿರಿಯವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವಳು ತುಟಿ ಕಚ್ಚಿದರೂ ನಗು ನಿಲ್ಲಲಿಲ್ಲ.

"ನಗಬೇಡ. ಮೈ ಉರಿಯುತ್ತೆ" ಎಂದು ಹಿರಿಯವಳು ಗದರಿ, ಏಳಲೆಂದು ಕೈ ಚಾಚಿದಳು.