ನೆರಳಿನಿಂದ ಬಿಸಿಲಿಗೆ ಎಳೆದ ವೈರು

ವೈರ್‌ಮ್ಯಾನಿಗೆ ಯಾರೂ ವೈರಿನ ಪಾಠ ಹೇಳುವಂತಿರಲಿಲ್ಲ. ಊರಿನ ಅರ್ಧ ಮನೆಗಳ ಗೋಡೆಯೊಳಗೆ ಅವನ ಕೈಕೆಲಸವಿತ್ತು. ಹಾಗಾಗಿ ಸೋಲಾರ್ ಅಂಗಡಿಯವನು ಬಾಯಿ ತೆರೆಯುವ ಮೊದಲೇ ಇವನು ಮುಖ ಗಂಟಿಕ್ಕಿಕೊಂಡು ನಿಂತಿದ್ದ.

ಪ್ಯಾನೆಲ್ ಬೇಕಾಗಿದ್ದದ್ದು ಅಕ್ಕನ ಕ್ಯಾರವಾನಿಗೆ, ಅಂದರೆ ಅವಳು ವಾಸವಿದ್ದ ಗಾಲಿಮನೆಗೆ. ಅಕ್ಕ ಹತ್ತಿ ಮಿಲ್ಲಿನಲ್ಲಿ ಜೀವ ತೇಯ್ದು, ಅಪ್ಪ ಅಮ್ಮ ಕಣ್ಣು ಮುಚ್ಚಿದ ಮೇಲೆ ತಮ್ಮನನ್ನು ಸಾಕಿದವಳು. ಮಿಲ್ಲು ಮುಚ್ಚಿತು, ಅದರ ದೂಳು ಅವಳ ಎದೆಯಲ್ಲಿ ಉಳಿಯಿತು. ಈಗ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು, ಆಕ್ಸಿಜನ್ ಯಂತ್ರದ ಪಕ್ಕದಲ್ಲಿ ಹಗಲೂ ರಾತ್ರಿ ಕೂರಬೇಕು. ತಮ್ಮನ ಕೋಣೆಯ ಮೆಟ್ಟಿಲು ಅವಳಿಂದ ಹತ್ತಲಾಗದು. ಅದಕ್ಕೇ ಅವನು, ತಿರುಗಾಟ ಬಿಟ್ಟ ಯಾರದೋ ಹಳೆಯ ಕ್ಯಾರವಾನನ್ನು ತಂದು ಮಿಲ್ಲಿನ ಹಿಂದಿನ ಬಯಲಲ್ಲಿ, ಮರದ ಕೆಳಗೆ ನಿಲ್ಲಿಸಿದ್ದ. ಬಿಸಿಲಿಗೆ ನಿಲ್ಲಿಸಿದರೆ ಆ ತಗಡಿನ ಡಬ್ಬಿಯಲ್ಲಿ ಅಕ್ಕ ಬೆಂದೇ ಹೋಗುತ್ತಿದ್ದಳು. ಅಲ್ಲಿಗೆ ಕರೆಂಟಿನ ಲೈನಿಲ್ಲ. ದಿನವೂ ಬ್ಯಾಟರಿಯನ್ನು ಸ್ಕೂಟರಿನಲ್ಲಿ ಒಯ್ದು ಚಾರ್ಜ್ ಮಾಡಿಸಿ ತಂದು ಅವನ ಬೆನ್ನು ಕೈಕೊಟ್ಟಿತ್ತು.

ಯಂತ್ರಕ್ಕೆ ಎಷ್ಟು ಕರೆಂಟು ಬೇಕೆಂದು ಕೇಳಿಕೊಂಡ ಅಂಗಡಿಯವನು ಎರಡು ದೊಡ್ಡ ಪ್ಯಾನೆಲ್ ಬೇಕೇ ಬೇಕೆಂದ. ಬ್ಯಾಟರಿಗೆ ಹೋಗುವ ಕರೆಂಟನ್ನು ಹದ ಮಾಡುವ ಕಂಟ್ರೋಲರನ್ನು ಮೊದಲು ಬ್ಯಾಟರಿಗೆ ಜೋಡಿಸಬೇಕು, ಆಮೇಲೆ ಪ್ಯಾನೆಲ್‌ಗೆ ಎಂದ. ಅಲ್ಲಿಯವರೆಗೆ ವೈರ್‌ಮ್ಯಾನ್ ತಲೆಯಾಡಿಸಿದ. ಆಮೇಲೆ ಅಂಗಡಿಯವನು ಬೆರಳು ಗಾತ್ರದ ವೈರಿನ ಸುರುಳಿಯೊಂದನ್ನು ಹೊರಗೆಳೆದ. ಪ್ಯಾನೆಲ್ ಬಿಸಿಲಲ್ಲಿ, ಗಾಡಿ ನೆರಳಲ್ಲಿ, ನಡುವೆ ಅಷ್ಟುದ್ದದ ಬಯಲು. ಇಷ್ಟು ಕಡಿಮೆ ವೋಲ್ಟಿಗೆ ಸಣ್ಣ ವೈರು ಹಾಕಿದರೆ ಅರ್ಧಕ್ಕರ್ಧ ಕರೆಂಟು ದಾರಿಯಲ್ಲೇ ಸೋರಿಹೋಗುತ್ತದೆ ಎಂದು ಬಿಡಿಸಿ ಹೇಳಿದ.

"ಇದರ ಕಾಲುಭಾಗ ದಪ್ಪದ ವೈರಲ್ಲಿ ಇಡೀ ಮನೆ ನಡೆಸ್ತೀನಿ ನಾನು," ಎಂದ ವೈರ್‌ಮ್ಯಾನ್. "ಇದನ್ನ ಗೊತ್ತಿಲ್ಲದೋರಿಗೆ ಮಾರು."

ಮನೆಯ ಕರೆಂಟೇ ಬೇರೆ, ಬ್ಯಾಟರಿಯ ಕರೆಂಟೇ ಬೇರೆ. ಅದು ಅವನಿಗೆ ತಿಳಿಯದ್ದೇನಲ್ಲ, ಆದರೆ ಜೀವಮಾನವೆಲ್ಲ ಒಂದೇ ಕೆಲಸ ಮಾಡಿದ ಕೈ ತಲೆಯ ಮಾತು ಕೇಳಲಿಲ್ಲ. ಕೆಲಸದಲ್ಲಿ ಉಳಿದಿದ್ದ ಸಣ್ಣ ವೈರನ್ನೇ ಬಯಲಿನುದ್ದಕ್ಕೂ ಎಳೆದ. ಜೋಡಿಸುವ ಮುಂಚೆ ವೈರಿನ ಸುಲಿದ ತುದಿಗೆ ಮೀಟರ್ ಹಿಡಿದ. ವೋಲ್ಟು ಪೂರ್ತಿ ತೋರಿಸಿತು. ಮನೆಗಳಲ್ಲೂ ಅವನು ನೋಡುತ್ತಿದ್ದದ್ದು ಹೀಗೆಯೇ. ಯಂತ್ರದ ಹೊರೆ ಬಿದ್ದಾಗ ಅದೇ ವೋಲ್ಟು ನಿಲ್ಲುತ್ತದೆಯೇ ಎಂದು ಮತ್ತೆ ಮೀಟರ್ ಇಟ್ಟು ನೋಡಲಿಲ್ಲ, ಪುಣ್ಯಾತ್ಮ.

"ಸೂರ್ಯನಿಗೂ ವೈರಿಂಗ್ ಮಾಡಿಬಿಟ್ಟೆಯಲ್ಲೋ," ಎಂದು ಅಕ್ಕ ಉಸಿರು ಸಾಲದಿದ್ದರೂ ನಕ್ಕಳು.

ಅಂದಿನಿಂದ ಅವನು ನೆಮ್ಮದಿಯಾಗಿ ಕೆಲಸಕ್ಕೆ ಹೋಗತೊಡಗಿದ. ಸಂಜೆ ಬಂದಾಗ, ಬ್ಯಾಟರಿ ತುಂಬಿದೆಯೆಂದು ಹೇಳುವ ಕಂಟ್ರೋಲರಿನ ಹಸಿರು ದೀಪ ಉರಿಯುತ್ತಿರುತ್ತಿತ್ತು, ಯಂತ್ರ ಗುಯ್‌ಗುಡುತ್ತಿರುತ್ತಿತ್ತು. ಅಕ್ಕ ಮಾತ್ರ ಇಳಿಯುತ್ತಾ ಹೋದಳು. ವಾರಕ್ಕೊಮ್ಮೆ ಬರುತ್ತಿದ್ದ ನರ್ಸು ಅವಳ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿ ನೋಡಿ, ನಳಿಕೆ ಹಗಲೆಲ್ಲ ಇರುತ್ತದೆಯೇ ಎಂದು ಕೇಳುತ್ತಿದ್ದಳು. ಇರುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಬೇಕಾದರೆ ಬ್ಯಾಟರಿ ನೋಡಿ ಎಂದು ತಮ್ಮ ಹೆಮ್ಮೆಯಿಂದ ಸೇರಿಸುತ್ತಿದ್ದ.

ಕೆಲವು ತಿಂಗಳ ಮೇಲೆ ಒಂದು ದಿನ, ಡ್ರಿಲ್ಲಿನ ಮೊನೆಯನ್ನು ಗಾಡಿಯಲ್ಲೇ ಮರೆತಿದ್ದರಿಂದ ನಡುಹಗಲಿಗೇ ವಾಪಸು ಬಂದ. ಬಯಲಿನ ಕೊನೆಯಲ್ಲೇ ಸ್ಕೂಟರ್ ನಿಲ್ಲಿಸಿ ನಡೆದ. ಗಾಡಿಯೊಳಗೆ ಸದ್ದಿರಲಿಲ್ಲ. ಅಕ್ಕ ಗೋಡೆಗೊರಗಿ, ನಳಿಕೆಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಉಸಿರನ್ನು ಎಳೆಯುತ್ತಿದ್ದಳು. ತುಟಿ ನೀಲಿಗಟ್ಟಿತ್ತು.

ಅವನು ಯಂತ್ರ ಹಚ್ಚಿ, ನಳಿಕೆ ಸಿಕ್ಕಿಸಿ, ಅವಳ ಬೆನ್ನು ನೀವುತ್ತಾ ಕೂತ. ಎಷ್ಟೋ ಹೊತ್ತಿನ ಮೇಲೆ ವಿಷಯ ಹೊರಬಂತು. ಮೊದಲ ದಿನವೇ ಮಧ್ಯಾಹ್ನ ಬ್ಯಾಟರಿ ಬರಿದಾಗಿ ಯಂತ್ರ ಕೂಗಿ ನಿಂತಿತ್ತು. ಮರುದಿನವೂ ಅದೇ ಹಾಡು. ಅಂದಿನಿಂದ ಅವನು ಹೋದೊಡನೆ ಅವಳು ಯಂತ್ರ ಆರಿಸುತ್ತಿದ್ದಳು. ಸಂಜೆ ಸ್ಕೂಟರಿನ ಸದ್ದು ಕೇಳಿದಾಗ ಹಚ್ಚುತ್ತಿದ್ದಳು. ಹಗಲೆಲ್ಲ ಹೀಗೆ ಉಳಿದು ತುಂಬಿದ ಕರೆಂಟು ರಾತ್ರಿಗೆ ಸಾಕಾಗುತ್ತಿತ್ತು.

"ನನಗೊಂದು ಮಾತು ಹೇಳಬಾರದಿತ್ತಾ, ಅಕ್ಕ?"

"ಎಷ್ಟು ಖುಷಿಯಾಗಿದ್ದೆ ನೀನು," ಎಂದಳು ಅಕ್ಕ. "ನಿನ್ನ ಕೆಲಸ ತಪ್ಪಾಗಿದೆ ಅಂತ ನಾನು ಹೇಗೋ ಹೇಳ್ಲಿ?"

ಯಂತ್ರ ಓಡುತ್ತಿರುವಾಗಲೇ ಅವನು ಎರಡೂ ತುದಿಗಳಿಗೆ ಮೀಟರ್ ಹಿಡಿದ. ಪ್ಯಾನೆಲಿನ ಹತ್ತಿರ ತುಂಬಿದ್ದ ವೋಲ್ಟು ಗಾಡಿಯ ಹತ್ತಿರ ಬರುವಷ್ಟರಲ್ಲಿ ಸೊರಗಿತ್ತು. ಬಯಲಲ್ಲಿ ಕುಕ್ಕರಗಾಲಲ್ಲಿ ಕೂತು ಅವನು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ.

ಅದೇ ಮಧ್ಯಾಹ್ನ ದಪ್ಪ ವೈರು ತಂದ. ಅಂಗಡಿಯವನು ಅಂದಿನ ಅದೇ ಸುರುಳಿಯನ್ನು ಹೊರಗೆಳೆದು ಅಳೆದುಕೊಟ್ಟ. ಮಾರನೆಯ ದಿನದಿಂದ ಯಂತ್ರ ಎಡೆಬಿಡದೆ ಓಡಿತು. ಆದರೆ ತುಟಿಯ ನೀಲಿ ಹೋಗಲಿಲ್ಲ. ನರ್ಸು ಅವನನ್ನು ಮರದ ಬುಡಕ್ಕೆ ಕರೆದು, ಈ ತಿಂಗಳುಗಳಲ್ಲಿ ಹೋದದ್ದು ಹಿಂದಕ್ಕೆ ಬರುವುದಿಲ್ಲ, ಇನ್ನು ಹೆಚ್ಚು ದಿನವಿಲ್ಲ ಎಂದಳು. ನರ್ಸಿನ ಮುಖ ನೋಡಲಾಗದೆ ಅವನು ವೈರನ್ನೇ ನೋಡುತ್ತಾ ನಿಂತಿದ್ದ.

ಒಳಗೆ ಬಂದಾಗ ಅಕ್ಕ ಹಸಿರು ದೀಪ ನೋಡುತ್ತಾ ಮಲಗಿದ್ದಳು.

"ತುಂಬಿದೆ ಅಲ್ವಾ?" ಎಂದಳು.

"ತುಂಬಿದೆ."

"ಹಾಗಾದ್ರೆ ಫ್ಯಾನೂ ಹಾಕು. ದಂಡ ಆಗೋದು ಬೇಡ."

ಅವನು ಫ್ಯಾನ್ ಹಾಕಿದ. ಹಾಡುಹಗಲಲ್ಲಿ ಎಲ್ಲ ದೀಪಗಳನ್ನೂ ಹಚ್ಚಿದ. ರೇಡಿಯೋ ಹಚ್ಚಿದ. ಆಮೇಲೆ ನೆಲದ ಮೇಲೆ ಕೂತು, ಈ ದಪ್ಪ ವೈರೂ ಸೋಲಲಿ, ಆ ಹಸಿರು ದೀಪ ಆರಲಿ ಎಂದು ಕಾದ. ಅದು ಆರಲಿಲ್ಲ.